ನಿಘಂಟು ದೀಪವೇ ಹೊರತು ತೀರ್ಪಲ್ಲ



2025ರ ಸೆಪ್ಟೆಂಬರ್ 22ರಂದು ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾದಾಗ, ಧರ್ಮದ ಕಲಂನಲ್ಲಿ ಏನೆಂದು ಬರೆಸಬೇಕೆಂಬ ಪ್ರಶ್ನೆ ನಮ್ಮ ಸಮಾಜವನ್ನು ಮತ್ತೊಮ್ಮೆ ಕಾಡಿತು. ಭಿನ್ನಾಭಿಪ್ರಾಯ ನಮಗೆ ಹೊಸದಲ್ಲ. ಅನುಭವ ಮಂಟಪದ ಪರಂಪರೆಯವರು ಚರ್ಚೆಗೆ ಅಂಜಬೇಕಾಗಿಲ್ಲ. ಆದರೆ ಆ ದಿನಗಳಲ್ಲಿ ಶ್ರೀಮಠದ ಕಾರ್ಯಾಲಯಕ್ಕೆ ಬಂದ ಸಂದೇಶಗಳಲ್ಲಿ ಒಂದು ಸಂಗತಿ ನಮ್ಮನ್ನು ಚಿಂತೆಗೆ ಹಚ್ಚಿತು. ಎರಡೂ ಪಕ್ಷದವರು ನಿಘಂಟಿನ ಪುಟಗಳ ಚಿತ್ರಗಳನ್ನು ಕಳುಹಿಸಿ, ಚರ್ಚೆ ಇಲ್ಲಿಗೆ ಮುಗಿಯಿತೆಂದು ಬರೆದಿದ್ದರು. ನಿಘಂಟಿನಿಂದ ಚರ್ಚೆ ಹೀಗೆ ಮುಗಿಯುವುದೇ?

ನಿಘಂಟುಕಾರನು ಶಬ್ದಗಳಿಗೆ ಅರ್ಥವನ್ನು ವಿಧಿಸುವವನಲ್ಲ. ಜನರು ಆಡಿದ, ಕವಿಗಳು ಬರೆದ ಪ್ರಯೋಗಗಳನ್ನು ಕಲೆಹಾಕಿ ಕ್ರಮಪಡಿಸುವವನು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗಾಗಿ ಪ್ರೊ. ಜಿ. ವೆಂಕಟಸುಬ್ಬಯ್ಯನವರೂ ಅವರ ಸಹವಿದ್ವಾಂಸರೂ ದಶಕಗಳ ಕಾಲ ಮಾಡಿದ್ದು ಈ ಕಾಯಕವನ್ನೇ. ಒಂದು ಶಬ್ದಕ್ಕೆ ಐದಾರು ಅರ್ಥಗಳಿರುವಾಗ ತನಗೆ ಅನುಕೂಲವಾದ ಒಂದನ್ನು ಆಯ್ದು ಉಳಿದವನ್ನು ಮರೆಮಾಚುವವನು ನಿಘಂಟನ್ನು ಗೌರವಿಸಿದಂತಾಗದು.

ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮುಂದೆ 1893ರಲ್ಲಿ ಟೊಮೆಟೊ ಹಣ್ಣೋ ತರಕಾರಿಯೋ ಎಂಬ ವಿವಾದ ಬಂದಿತ್ತು. ಆಮದಾದ ತರಕಾರಿಗೆ ಸುಂಕವಿತ್ತು, ಹಣ್ಣಿಗಿರಲಿಲ್ಲ. ವಕೀಲರು ನಿಘಂಟುಗಳನ್ನು ಓದಿ ತೋರಿಸಿದರು. ಸಸ್ಯಶಾಸ್ತ್ರದ ಪ್ರಕಾರ ಅದು ಹಣ್ಣೇ ಎಂಬುದನ್ನು ನ್ಯಾಯಾಲಯವೂ ಒಪ್ಪಿತು. ಆದರೂ ಜನಬಳಕೆಯಲ್ಲಿ ಅದು ತರಕಾರಿಯಾದುದರಿಂದ ಸುಂಕ ಸಲ್ಲುವುದೆಂದು ತೀರ್ಪಿತ್ತಿತು. ನಿಘಂಟು ನ್ಯಾಯಾಲಯದ ನೆನಪಿಗೂ ತಿಳಿವಳಿಕೆಗೂ ನೆರವಾಗಬಹುದು, ಅದೇ ಸಾಕ್ಷ್ಯವಲ್ಲ ಎಂಬುದು ಅಂದಿನ ನಿಲುವು.

ನಮ್ಮ ಚರ್ಚೆಗೆ ಬರೋಣ. ಕನ್ನಡದಲ್ಲಿ 'ಧರ್ಮ' ಎಂದರೆ ಕರ್ತವ್ಯ, ದಾನ, ನ್ಯಾಯ, ವಸ್ತುವಿನ ಸ್ವಭಾವ, ಮತಪಂಥವೂ ಹೌದು. ಧರ್ಮವೆಂದರೆ ಕರ್ತವ್ಯ, ಕರ್ತವ್ಯದಲ್ಲಿ ಪ್ರತ್ಯೇಕವೆಂಬುದಿಲ್ಲ, ಆದ್ದರಿಂದ ಪ್ರತ್ಯೇಕ ಧರ್ಮದ ಮಾತೇ ಅಸಂಗತ ಎಂದು ಕೆಲವರು ವಾದಿಸುತ್ತಾರೆ. ಸಮೀಕ್ಷೆಯ ಕಲಂ ಕೇಳಿದ್ದು ಮತವನ್ನು. ಉತ್ತರ ಬಂದದ್ದು ಕರ್ತವ್ಯದ ಕುರಿತು. ವಾದದ ನಡುವೆ ಶಬ್ದದ ಅರ್ಥವನ್ನು ಬದಲಿಸುವುದು ತಕ್ಕಡಿಯ ಬಟ್ಟನ್ನು ನಡುವೆಯೇ ಬದಲಿಸಿದಂತೆ.

ಇನ್ನು ಕೆಲವರು 1955ರ ಹಿಂದೂ ವಿವಾಹ ಕಾಯ್ದೆಯ ಎರಡನೆಯ ಕಲಮನ್ನು ಮುಂದಿಡುತ್ತಾರೆ. ಹಿಂದೂ ಧರ್ಮದ ರೂಪಗಳನ್ನು ಹೇಳುವಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳು ಅಲ್ಲಿ ಇರುವುದು ನಿಜ; ಅದನ್ನು ನಾವು ಮರೆಮಾಚಲಾರೆವು. ಬೌದ್ಧ, ಜೈನ, ಸಿಖ್ಖರನ್ನು ಬೇರೆ ಉಪಖಂಡದಲ್ಲಿ ಹೇಳಿರುವುದೂ ನಿಜ. ಆದರೆ ಆ ಕಲಮಿನ ಉದ್ದೇಶ ವಿವಾಹದ ಕಾನೂನು ಯಾರಿಗೆ ಅನ್ವಯವೆಂದು ಹೇಳುವುದು. ತತ್ತ್ವವಿಚಾರ ಅದರ ಕೆಲಸವಲ್ಲ. ಆ ಕಾಯ್ದೆಯಲ್ಲಿ ಬರುವ 'ಹಿಂದೂ' ಎಂಬ ಶಬ್ದವು, ಧರ್ಮದಿಂದ ಹಿಂದೂ ಅಲ್ಲದಿದ್ದರೂ ಕಾಯ್ದೆಗೆ ಒಳಪಡುವವರನ್ನು ಸೇರಿಸಿಕೊಳ್ಳುತ್ತದೆಂದು ಅದೇ ಕಲಂ ಹೇಳುತ್ತದೆ. ಈ ಕಾಯ್ದೆಗೆ ಒಳಪಟ್ಟ ಜೈನರನ್ನೇ 2014ರಲ್ಲಿ ಕೇಂದ್ರ ಸರಕಾರ ರಾಷ್ಟ್ರಮಟ್ಟದ ಅಲ್ಪಸಂಖ್ಯಾತರೆಂದು ಘೋಷಿಸಿತು. ಆದ್ದರಿಂದ ಈ ಕಾಯ್ದೆಯೊಂದರಿಂದಲೇ ಪ್ರತ್ಯೇಕತೆ ಸಿದ್ಧವೂ ಆಗದು, ಅಸಿದ್ಧವೂ ಆಗದು.

ಪ್ರತ್ಯೇಕತೆಯನ್ನು ಸಾರುವ ನಮ್ಮವರಿಗೂ ಇದೇ ಮಾತು ಸಲ್ಲುತ್ತದೆ. ಯಾವುದೋ ಹಳೆಯ ಕೋಶದ ಒಂದು ಸಾಲನ್ನು ಹಿಡಿದು ಜಯಘೋಷ ಮಾಡುವುದು ಬೇಡ. ನಾಳೆ ಮತ್ತೊಂದು ಕೋಶದ ಮತ್ತೊಂದು ಸಾಲು ಎದುರಾದರೆ ನಮ್ಮ ಶ್ರದ್ಧೆ ಅಲುಗಾಡಬೇಕೇ?

ಶರಣರು ನಿಘಂಟಿನ ಅರ್ಥಕ್ಕೆ ಕಟ್ಟುಬಿದ್ದವರಲ್ಲ. 'ಲಿಂಗ' ಎಂದರೆ ಸಂಸ್ಕೃತದಲ್ಲಿ ಗುರುತು, ಚಿಹ್ನೆ. ವ್ಯಾಕರಣದಲ್ಲಿ ಪುಲ್ಲಿಂಗ, ಸ್ತ್ರೀಲಿಂಗ. ಶರಣರು ಅದನ್ನು ಅಂಗೈಯ ಇಷ್ಟಲಿಂಗವಾಗಿಸಿ ಅರಿವಿನ ಕುರುಹಾಗಿಸಿದರು. 'ಜಂಗಮ' ಎಂದರೆ ಚಲಿಸುವುದು. ಅವರಿಗೆ ಅದು ಚಲಿಸುವ ಚೈತನ್ಯ. 'ಕಾಯಕ' ಎಂದರೆ ಕಾಯಕ್ಕೆ ಸಂಬಂಧಿಸಿದ್ದು. ಅವರು ಅದಕ್ಕೆ ಸತ್ಯಶುದ್ಧ ದುಡಿಮೆಯ ಅರ್ಥ ತುಂಬಿ ದಾಸೋಹದೊಡನೆ ಬೆಸೆದರು. ಅಂದಿನ ಯಾರಾದರೂ ನಿಘಂಟು ಹಿಡಿದು ಈ ಅರ್ಥ ಇಲ್ಲಿಲ್ಲವೆಂದಿದ್ದರೆ, ಅವರು ತಮ್ಮ ಬದುಕನ್ನೇ ತೋರಿಸುತ್ತಿದ್ದರು. ಇಂದಿನ ನಿಘಂಟುಗಳಲ್ಲಿ ಆ ಅರ್ಥಗಳಿರುವುದು ಅವರು ಹಾಗೆ ಬದುಕಿದ್ದರಿಂದಲೇ.

ಹಾಗೆಂದು ನಿಘಂಟನ್ನು ಬದಿಗಿಡಬೇಕೆಂದಲ್ಲ. ಅದಿಲ್ಲದೆ ವಚನಗಳ ಎಷ್ಟೋ ಶಬ್ದಗಳು ನಮಗೆ ಮುಚ್ಚಿದ ಬಾಗಿಲು. ವಾದಕ್ಕೆ ತೊಡಗುವ ಮುನ್ನ ಯಾವ ಅರ್ಥದಲ್ಲಿ ಮಾತನಾಡುತ್ತಿದ್ದೇವೆಂದು ಒಪ್ಪಿಕೊಳ್ಳಲು ಅದನ್ನು ತೆರೆಯೋಣ. ಎದುರಿನವರ ಬಾಯಿ ಮುಚ್ಚಿಸಲು ಬೇಡ. ನಾವು ಯಾರೆಂಬ ಪ್ರಶ್ನೆಗೆ ಉತ್ತರವನ್ನು ವಚನಗಳಲ್ಲಿ, ಇತಿಹಾಸದಲ್ಲಿ, ಎಲ್ಲಕ್ಕಿಂತ ಮಿಗಿಲಾಗಿ ನಮ್ಮ ಆಚರಣೆಯಲ್ಲಿ ಹುಡುಕೋಣ. ಮನೆಯಲ್ಲಿ ಇಷ್ಟಲಿಂಗ ಪೂಜೆ ನಿಂತು, ಜಾತಿ ನೋಡಿ ಪಂಕ್ತಿ ಹಾಕುವವರಾದರೆ, ಕಲಂನಲ್ಲಿ ಯಾವ ಶಬ್ದ ಬರೆಸಿದರೂ ಅದಕ್ಕೆ ಅರ್ಥ ಕೊಡುವವರು ಯಾರು?