ತಾರಿಯ ಸಂಜೆ ಯಾರದು?

ಸಾರಕ್ಕಿಯಲ್ಲಿ ನಮ್ಮ ಬೀದಿಯ ಮಿತ್ರರೊಬ್ಬರಿಗೆ ದುಃಖವಾಗಿದೆ. 2025ರ ಜುಲೈಯಲ್ಲಿ ಶರಾವತಿಯ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ತೆರೆದದ್ದರಿಂದ ಲಾಂಚಿನ ಸೊಗಸೇ ಹೋಯಿತಂತೆ. "ಕರಾವಳಿಯ ತಾರಿಗಳಾದರೂ ಉಳಿಯಲಿ ಮಾರಾಯರೇ. ತದಡಿಯಲ್ಲೂ ಸೇತುವೆ ಕಟ್ಟಿ ಕೆಡಿಸದಿದ್ದರೆ ಸಾಕು" ಎಂದು ಮೊನ್ನೆ ನಿಟ್ಟುಸಿರು ಬಿಟ್ಟರು. ಅವರೊಬ್ಬರ ಮಾತಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ನಮ್ಮ ಪ್ರವಾಸ ಲೇಖನಗಳ ಧಾಟಿಯೂ ಇದೇ ಆಗಿರುವುದರಿಂದ ಬರೆಯಬೇಕಾಯಿತು.

ಆ ಸುಖವನ್ನು ನಾನು ಅಲ್ಲಗಳೆಯುವವನಲ್ಲ. ಅಘನಾಶಿನಿ ನದಿ ಕಡಲನ್ನು ಸೇರುವಲ್ಲಿ ಈ ದಡಕ್ಕೆ ತದಡಿ, ಆ ದಡಕ್ಕೆ ನದಿಯದೇ ಹೆಸರಿನ ಊರು. ನಡುವೆ ಸಂಜೆಯ ತಾರಿ. ಉಪ್ಪುಗಾಳಿ, ಎಂಜಿನ್ನಿನ ಗುಡುಗುಡು, ಪಡುವಣದಲ್ಲಿ ಕೆಂಪಾಗುತ್ತಿದ್ದ ನೀರು. ಬೆಂಗಳೂರಿನ ಗದ್ದಲದಲ್ಲಿ ಬೆಂದ ತಲೆ ದಡ ಮುಟ್ಟುವುದರೊಳಗೆ ತಣ್ಣಗಾಗಿತ್ತು. ಆದರೆ ಪಕ್ಕದಲ್ಲಿ ಬರಿದಾದ ಮೀನುಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಹೆಂಗಸು ಒಂದು ಸಲವೂ ಸೂರ್ಯನತ್ತ ತಿರುಗಲಿಲ್ಲ. "ಸಂಜೆ ಹಿತವಾಗಿದೆ ಅಲ್ಲವೇನಮ್ಮ?" ಎಂದೆ. "ಹೌದ್ರಾ, ತಾರಿ ಸಿಕ್ತಲ್ಲ. ತಪ್ಪಿದ್ರೆ ಕುಮಟೆ ಸುತ್ತಿ ಬರ್ಬೇಕಿತ್ತು" ಎಂದಳು. ಹಿತವೆಂಬ ಮಾತಿಗೆ ಆಕೆ ಕಂಡ ಅರ್ಥ ಅಷ್ಟು.

ಸಿಗಂದೂರಿನ ಕಥೆಯಂತೂ ಇನ್ನೂ ಕಹಿ. ಅಲ್ಲಿ ಲಾಂಚು ಬಂದದ್ದು ಯಾರ ವಿಹಾರಕ್ಕೂ ಅಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು, ಗದ್ದೆ ತೋಟಗಳು ಮುಳುಗಿ, ತುಮರಿ ಕಡೆಯ ಹಳ್ಳಿಗಳಿಗೆ ಸಾಗರದ ದಾರಿಯೇ ನೀರಾಯಿತು. ಆ ನೀರಿನ ವಿದ್ಯುತ್ತಿನಲ್ಲಿ ನಾವು ದೀಪ ಹಚ್ಚಿಕೊಂಡೆವು. ಅವರೋ, ಕತ್ತಲಾದ ಮೇಲೆ ಹೆರಿಗೆನೋವು ಬಂದರೆ ಏನು ಗತಿಯೆಂದು ಬದುಕಿದರು. 2.44 ಕಿಲೋಮೀಟರಿನ ಒಂದು ಸೇತುವೆಗಾಗಿ ಆರು ದಶಕ ಕಾದರು. ಅದು ಬಂದ ಮೇಲೆ ಕಣ್ಣೀರು ಹಾಕುವವರು ನಾವು!

ಇಷ್ಟೂ ಸಾಲದೆ 2019ರಲ್ಲಿ ಅದೇ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ತರುವ ಮಾತೆದ್ದಿತು, ಮಲೆನಾಡು ಬೀದಿಗಿಳಿಯಿತು. ಇತ್ತ ನಮ್ಮದೇ ಸಾರಕ್ಕಿ ಕೆರೆಯ ಒತ್ತುವರಿಯನ್ನು 2015ರಲ್ಲಿ ಯಂತ್ರಗಳನ್ನು ತಂದು ಕೆಡವಬೇಕಾಯಿತು. ಮನೆಮುಂದಿನ ನೀರನ್ನು ಕಾಯಲಾರದೆ ಹೋದ ನಾವು, ಮುನ್ನೂರು ಮೈಲಿ ಆಚೆಯ ನೀರಿನ ಮೇಲೆ ಸೇತುವೆ ಬೇಡವೆಂದು ತೀರ್ಪು ಕೊಡುವುದು ಯಾವ ಅಧಿಕಾರದಿಂದ? ತದಡಿಗೆ ಸೇತುವೆ ಬೇಕೋ ಬೇಡವೋ ಎಂಬುದನ್ನು ಕೊನೆಯ ತಾರಿಗೆ ಓಡಿಬರುವವರು ಹೇಳಲಿ.

ಇಷ್ಟನ್ನೂ ಮಿತ್ರರಿಗೆ ಹೇಳಿದೆ. ಸಾವಧಾನವಾಗಿ ಕೇಳಿದರು. ಆಮೇಲೆ, "ಹಾಗಾದರೆ ಸೇತುವೆ ಬರುವ ಮುಂಚೆಯೇ ಒಮ್ಮೆ ಹೋಗಿಬರೋಣವೇ?" ಎಂದರು.