ಕಪ್‌ಕೇಕಿನ ಬಸವಣ್ಣ, ಸಕ್ಕರೆಯ ಆನೆ

ಬರೆದು ತುಂಬಾ ದಿನ ಆಯ್ತು. ಕೆಲಸ, ರಿಲೀಸು, ಡೆಡ್‌ಲೈನು ಅಂತ ಅವೇ ಹಳೇ ನೆಪಗಳು, ಬಿಡಿ. 2024ರ ಗೌರಿ ಹುಣ್ಣಿಮೆಗೆ ನಮ್ಮ ಮನೆಯಲ್ಲಿ ಆದ ಒಂದು ಸಣ್ಣ ಜಗಳ ಇನ್ನೂ ತಲೆಯಲ್ಲಿ ಕೂತಿದೆ. ಅದನ್ನು ಇಲ್ಲಿ ಇಳಿಸಿಬಿಡೋಣ ಅಂತ.

ನಮ್ಮಕ್ಕ ಇರೋದು ಬೆಟಗೇರಿಯಲ್ಲಿ. ಅವಳ ಮಗಳ ಹುಟ್ಟುಹಬ್ಬ ನವೆಂಬರ್ 14. ಆ ವರ್ಷ ಮರುದಿನ ಶುಕ್ರವಾರವೇ ಹುಣ್ಣಿಮೆ, ಹಾಗಾಗಿ ನಾವೆಲ್ಲ ಅಲ್ಲೇ ಸೇರಿದ್ದೆವು. ಅಕ್ಕ ಬೇಕರಿಯಿಂದ ಕೇಕ್ ತರಿಸಲಿಲ್ಲ. ಮೊಸರು, ಸೋಡಾ ಹಾಕಿ, ತತ್ತಿ ಇಲ್ಲದೆ ಎರಡು ಡಜನ್ ಕಪ್‌ಕೇಕ್ ಮಾಡಿದಳು. ಬೆಣ್ಣೆಗೆ ಸಕ್ಕರೆ ಪುಡಿ ಕಲಸಿ ಮೂರು ಬಣ್ಣದ ಕ್ರೀಮ್ ಮಾಡಿದಳು. ಒಂದು ತಾಟಿನ ತುಂಬಾ ಜೆಮ್ಸ್, ಪಾಪಿನ್ಸ್, ಟೂಟಿ ಫ್ರೂಟಿ, ಗೋಡಂಬಿ ಸುರಿದು ಓಣಿಯ ಹುಡುಗರ ಮುಂದಿಟ್ಟಳು. "ಏನ್ ಬೇಕಾದ್ದು ಮಾಡ್ರಿ, ಗ್ವಾಡಿಗೆ ಮಾತ್ರ ಒರಸಬ್ಯಾಡ್ರಿ" ಅನ್ನೋದೊಂದೇ ಕರಾರು.

ಒಂದು ತಾಸು ಮನೆಯಲ್ಲಿ ಸದ್ದೇ ಇಲ್ಲ! ಒಬ್ಬ ಬಸ್ಸು ಮಾಡಿದ. ಇನ್ನೊಬ್ಬ ಸ್ಪೈಡರ್‌ಮ್ಯಾನ್ ಮಾಡಲು ಹೋಗಿ ಟೊಮ್ಯಾಟೊ ಮಾಡಿದ :-) ಅಕ್ಕನ ಮಗಳು ಮಾಡಿದ್ದು ಬಸವಣ್ಣನನ್ನು. ಗೋಡಂಬಿಯ ಕೋಡು, ಜೆಮ್ಸಿನ ಕಣ್ಣು, ಬೆನ್ನ ಮೇಲೆ ಗುಲಾಬಿ ಕ್ರೀಮಿನ ಜೂಲ. ಚೆನ್ನಾಗಿಯೇ ಇತ್ತು. ಅದನ್ನು ತಿನ್ನದೆ ಫ್ರಿಜ್ಜಿನಲ್ಲಿ ಇಟ್ಟುಕೊಂಡಳು. ಯಾಕೆ ಅಂತ ಯಾರೂ ಕೇಳಲಿಲ್ಲ.

ಮರುದಿನ ಸಂಜೆ ಗೊತ್ತಾಯ್ತು. ಹುಡುಗಿ ಜರಿ ಲಂಗ ಹಾಕಿಕೊಂಡು, ಆರತಿ ತಾಟಿನಲ್ಲಿ ಸಕ್ಕರೆ ಆರತಿಗಳ ನಡುವೆ ತನ್ನ ಬಸವಣ್ಣನನ್ನೂ ಕೂರಿಸಿಕೊಂಡು ನಿಂತಿದ್ದಾಳೆ.

ದಕ್ಷಿಣದ ಗೆಳೆಯರಿಗಾಗಿ ಒಂದು ಮಾತು. ನಿಮ್ಮ ಕಡೆ ಸಂಕ್ರಾಂತಿಗೆ ಸಕ್ಕರೆ ಅಚ್ಚು ಇರುತ್ತಲ್ಲ, ನಮ್ಮಲ್ಲಿ ಅದರ ಅಕ್ಕ ಬರೋದು ಕಾರ್ತೀಕದ ಹುಣ್ಣಿಮೆಗೆ. ಆನೆ, ನವಿಲು, ತೇರು, ಬಸವಣ್ಣ, ಶಿವ ಪಾರ್ವತಿ, ಎಲ್ಲ ಸಕ್ಕರೆಯವೇ, ಬಿಳಿ, ಹಳದಿ, ಗುಲಾಬಿ ಬಣ್ಣದಲ್ಲಿ. ಹೆಣ್ಣುಮಕ್ಕಳು ತಾಟಿನಲ್ಲಿಟ್ಟು, ದೀಪ ಹಚ್ಚಿ, ಹಾಡು ಹೇಳುತ್ತಾ ಗೌರಿಗೆ ಬೆಳಗುತ್ತಾರೆ. ಮದುವೆ ಗೊತ್ತಾದ ಹುಡುಗಿ ಇದ್ದರೆ ಗಂಡಿನ ಕಡೆಯವರು ಸೀರೆಯ ಜೊತೆ ಸಕ್ಕರೆ ಆರತಿ ಒಯ್ದು ಕೊಡುತ್ತಾರೆ. (ಆ ವರ್ಷ ಆ ಗಂಡು ನಾನೇ. ಹುಡುಗಿಯ ಊರು ಮುಂಡರಗಿ.)

ಲಕ್ಷ್ಮೇಶ್ವರದಿಂದ ಬಂದಿದ್ದ ದೊಡ್ಡವ್ವ ತಾಟು ನೋಡಿದವಳೇ, "ಗೌರವ್ವಗ ಕೇಕ್ ಬೆಳಗತೀರೇನ? ಎಲ್ಲಾ ಕೆಡಿಸಿಬಿಟ್ರಿ. ಈಗಿನವರಿಗೆ ನಮ್ಮದು ಯಾವ್ದೂ ಬ್ಯಾಡಾಗೇತಿ" ಅಂದಳು. ತತ್ತಿ ಹಾಕಿಲ್ಲ ಅಂತ ಅಕ್ಕ ಎರಡು ಸಲ ಹೇಳಿದರೂ ಕೇಳಲಿಲ್ಲ. ಹುಡುಗಿ ಅಳಲು ಶುರು.

ನಿಜ ಹೇಳಬೇಕೆಂದರೆ, ಮೊದಲು ನಾನೂ ದೊಡ್ಡವ್ವನ ಪಕ್ಷವೇ. ಬೆಂಗಳೂರಲ್ಲಿ ಕೂತು ಊರಿನ ಹಬ್ಬ ನೆನೆಸಿಕೊಳ್ಳೋ ನಮ್ಮಂಥವರಿಗೆ ಊರು ಬದಲಾಗಬಾರದು ಅನ್ನೋ ಹಟ ಜಾಸ್ತಿ. ಆದರೆ ತಾಟನ್ನು ಇನ್ನೊಮ್ಮೆ ನೋಡಿದೆ. ಅದರಲ್ಲಿದ್ದ ಸಕ್ಕರೆ ಆರತಿಗಳನ್ನು ನಾನೇ ಹಿಂದಿನ ದಿನ ಗದಗಿನ ಮಾರ್ಕೆಟ್ಟಿನಿಂದ ತೂಕ ಹಾಕಿಸಿ ಪ್ಲಾಸ್ಟಿಕ್ ಚೀಲದಲ್ಲಿ ತಂದಿದ್ದೆ. ಮನೆಯವರು ಕೈಯಾರೆ ಮಾಡಿದ್ದು ಆ ತಾಟಿನಲ್ಲಿ ಒಂದೇ ಇತ್ತು, ಅದು ಆ ಕೇಕಿನ ಬಸವಣ್ಣ.

ಕಪ್‌ಕೇಕ್ ಹೊರಗಿನದು, ಒಪ್ಪಿದೆ. ಚಿಕ್ಕ ಬಟ್ಟಲಲ್ಲಿ ಕೇಕ್ ಬೇಯಿಸುವ ವಿಧಾನ 1796ರಲ್ಲಿ ಅಮೆರಿಕದ ಅಮೀಲಿಯಾ ಸಿಮನ್ಸ್ ಬರೆದ ಅಡುಗೆ ಪುಸ್ತಕದಲ್ಲಿದೆ. ಆದರೆ ಮಕ್ಕಳು ಅದರ ಮೇಲೆ ಮಾಡಿದ ಕೆಲಸ? ಸಿಹಿಗೆ ಕಣ್ಣು ಮೂಗು ಕೊಡೋದು, ಸಕ್ಕರೆಯಲ್ಲಿ ಪ್ರಾಣಿ ಮಾಡೋದು ನಮಗೆ ಯಾರೂ ಕಲಿಸಬೇಕಿಲ್ಲ. ಆ ಜೆಮ್ಸನ್ನೇ ತೆಗೆದುಕೊಳ್ಳಿ. ತಿರುಗುವ ಪಾತ್ರೆಯಲ್ಲಿ ಚಾಕೊಲೇಟಿನ ಮೇಲೆ ಪದರ ಪದರವಾಗಿ ಸಕ್ಕರೆ ಪಾಕ ಒಣಗಿಸಿದರೆ ಅಂಥದ್ದು ಆಗುತ್ತದೆ. ನಮ್ಮ ಅಜ್ಜಿಯರು ಸಂಕ್ರಾಂತಿಗೆ ಸಣ್ಣ ಉರಿಯ ಮೇಲೆ ಎಳ್ಳಿಗೆ ಚಮಚ ಚಮಚ ಪಾಕ ಹಾಕಿ, ಬೆರಳಲ್ಲಿ ಆಡಿಸುತ್ತಾ ಗಂಟೆಗಟ್ಟಲೆ ಕೂತು ಮಾಡುತ್ತಿದ್ದ ಕುಸುರೆಳ್ಳು? ಅದೇ ತಂತ್ರ. ಮೋಟಾರು ಮಾತ್ರ ಇರಲಿಲ್ಲ.

ಹಾಗಾಗಿ ನನ್ನ ತಕರಾರು ಇಷ್ಟೇ. ನಾವು ಸಕ್ಕರೆ ಆರತಿಯನ್ನು ಕೊಂಡು ತರುವ ವಸ್ತು ಮಾಡಿಬಿಟ್ಟೆವು, ಮಕ್ಕಳಿಗೆ ಅದರಲ್ಲಿ ಮಾಡಲು ಏನೂ ಉಳಿಸಲಿಲ್ಲ. ಕಪ್‌ಕೇಕ್ ಉಳಿಸಿದೆ. ಅವರು ಅಲ್ಲಿಗೆ ಹೋದರೆ ತಪ್ಪು ಯಾರದು? ಹಬ್ಬದ ಹಿಂದಿನ ಕೆಲವು ವಾರ ಮಾತ್ರ ಇದನ್ನು ಮಾಡಿ ಮಾರುವ ಕುಟುಂಬಗಳಿವೆ, ಅವರ ಹೊಟ್ಟೆಪಾಡೂ ಇದೆ. ಕೊಳ್ಳಬೇಡಿ ಅಂತ ನಾನು ಹೇಳುತ್ತಿಲ್ಲ. ಆದರೆ ತಾಟಿನಲ್ಲಿ ಒಂದಾದರೂ ಮಕ್ಕಳ ಕೈಯದು ಇರಲಿ, ಸೊಟ್ಟಗಿದ್ದರೂ ಸರಿ.

ಇದನ್ನೆಲ್ಲ ಅವತ್ತು ನಾನು ಬಾಯಿಬಿಟ್ಟು ಹೇಳಲಿಲ್ಲ, ದೊಡ್ಡವ್ವನ ಮುಂದೆ ಅಷ್ಟು ಧೈರ್ಯ ಇಲ್ಲ. ಬಗೆಹರಿಸಿದ್ದು ನಮ್ಮವ್ವ. "ದೀಪದ ಕಾವಿಗೆ ಬೆಣ್ಣಿ ಕರಗತೈತವ್ವಾ, ತಾಟಿನಾಗ ಬ್ಯಾಡ. ಇಲ್ಲೆ ಇಡು" ಅಂತ ಬಸವಣ್ಣನನ್ನು ಎತ್ತಿ ಗೌರಿಯ ಮುಂದೆ ಎಡೆಯ ಪಕ್ಕ ಇಟ್ಟಳು. ಶಾಸ್ತ್ರದ ಮಾತೇ ಎತ್ತಲಿಲ್ಲ, ಬರೀ ಬೆಣ್ಣೆಯ ಮಾತು! ದೊಡ್ಡವ್ವ ಸುಮ್ಮನಾದಳು.

ಶನಿವಾರ ಗದಗಿನ ನಮ್ಮ ಮನೆಯಲ್ಲಿ ಅಟ್ಟ ಹತ್ತಿ ಅವ್ವನ ಅಚ್ಚುಗಳನ್ನು ಇಳಿಸಿದೆ. ಶಿರಹಟ್ಟಿಯ ತವರಿನಿಂದ ಬಂದ ತೇಗದ ಅಚ್ಚುಗಳು. ನಾನು ಸಣ್ಣವನಿದ್ದಾಗಿನಿಂದ ಅವುಗಳನ್ನು ನೋಡಿದ್ದು ಅಟ್ಟದ ಮೇಲೆಯೇ. ನೀರಲ್ಲಿ ನೆನೆಸಿದೆವು, ಇಲ್ಲದಿದ್ದರೆ ಸಕ್ಕರೆ ಅಂಟಿಕೊಳ್ಳುತ್ತದೆ. ಸಕ್ಕರೆಗೆ ನೀರು ಹಾಕಿ ಕುದಿಸಿ, ಒಂದು ಚಮಚ ಹಾಲು ಬಿಟ್ಟರೆ ಕಸವೆಲ್ಲ ನೊರೆಯಾಗಿ ಮೇಲೆ ಬರುತ್ತೆ, ಅದನ್ನು ತೆಗೆದು ಸೋಸಬೇಕು. ಆಮೇಲೆ ಪಾಕ ಗಟ್ಟಿ ಮಾಡಿ, ಇಳಿಸಿ, ಪಾತ್ರೆಯ ಅಂಚಿಗೆ ತಿಕ್ಕುತ್ತಾ ಬೆಳ್ಳಗಾಗೋವರೆಗೆ ತಿರುವಬೇಕು. ಹಾಗೆ ತಿರುವಿದಾಗಲೇ ಸಣ್ಣ ಹರಳು ಹುಟ್ಟೋದು. ಬೇಗ ಸುರಿದರೆ ಕಟ್ಟುವುದಿಲ್ಲ, ತಡವಾದರೆ ಪಾತ್ರೆಯಲ್ಲೇ ಕಲ್ಲು. ನಡುವೆ ಸಿಗೋದು ಬಹುಶಃ ಅರ್ಧ ನಿಮಿಷ. ಇಂಜಿನಿಯರಿಂಗ್ ಓದಿದ ನನ್ನ ಮೊದಲ ಪಾಕ ಪಾತ್ರೆಯಲ್ಲೇ ಕಲ್ಲಾಯ್ತು. ಆ ಪಾತ್ರೆ ತಿಕ್ಕಿದ್ದು ಯಾರು ಅಂತ ಕೇಳಬೇಡಿ. (ಅಕ್ಕ. ಕಪ್‌ಕೇಕಿನ ತಟ್ಟೆಗಳನ್ನೂ ಅವಳೇ ತೊಳೆದಿದ್ದು. ಮನೆಯಲ್ಲೇ ಮಾಡಬೇಕು ಅಂತ ಉಪದೇಶ ಮಾಡೋ ಗಂಡಸರು ಮೊದಲು ಇದನ್ನು ಯೋಚಿಸಬೇಕು, ನನ್ನನ್ನೂ ಸೇರಿಸಿ.)

ಎರಡನೇ ಸಲ ಅವ್ವ ತಿರುವಿದಳು. ಅಚ್ಚಿಗೆ ದಾರ ಸುತ್ತಿ ಹಿಡಿದದ್ದು ಅಕ್ಕನ ಮಗಳು, ಸುರಿದದ್ದು ನಾನು. ನವಿಲು ಚೆಂದ ಬಂತು, ತೇರು ಪರವಾಗಿಲ್ಲ. ಆನೆಯ ಅಚ್ಚು ಬಿಚ್ಚುವಾಗ ಅವಸರ ಮಾಡಿ ಸೊಂಡಿಲು ಮುರಿದೆ. ಎಸೆಯೋಣ ಅಂದರೆ ಹುಡುಗಿ ಬಿಡಲಿಲ್ಲ, ಎರಡು ಜೆಮ್ಸ್ ತಂದು ಪಾಕದಲ್ಲಿ ಅಂಟಿಸಿ ಕಣ್ಣು ಮಾಡಿದಳು.

ಭಾನುವಾರ ಅವ್ವ, ದೊಡ್ಡವ್ವ, ಅಕ್ಕ ಸೇರಿ ಸೀರೆಯ ಜೊತೆ ಎಲ್ಲವನ್ನೂ ಮುಂಡರಗಿಗೆ ಒಯ್ದರು. ಸಂಜೆ ಫೋನ್ ಬಂತು. "ಆರತಿ ಭಾರೀ ಚೆಂದ ಅದಾವ್ರಿ. ಅದ್ರಾಗ ಒಂದ್ ಎಮ್ಮಿ ಐತಲ್ಲ, ಅದನ್ನ ಯಾರ್ ಮಾಡಿದ್ದು?"