ಕವಡೆಗೆ ನೆನಪಿಲ್ಲ

ಮಾಧ್ಯಮಿಕ ಶಾಲೆಯ ಗಣಿತದ ಪುಸ್ತಕದಲ್ಲಿ ‘ಸಂಭವನೀಯತೆ’ ಎಂಬ ಪಾಠವೊಂದು ಬರುತ್ತದೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿರುವ ನಮ್ಮ ಮಕ್ಕಳು ಇದನ್ನು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಉರುಹೊಡೆಯುತ್ತಾರೆ. “ಹಾಗೆಂದರೇನಪ್ಪಾ?” ಎಂದು ಅವರು ಕೇಳಿದರೆ ತಾಯಿತಂದೆಗಳಾದವರು ಒಬ್ಬರ ಮುಖವನ್ನೊಬ್ಬರು ನೋಡಬೇಕಾಗುತ್ತದೆ. ನಮ್ಮದು ಗುಮಾಸ್ತೆಯ ಕೆಲಸ. ಅಂಕಿಗಳೊಡನೆ ದಿನವೆಲ್ಲ ಒಡನಾಟವುಂಟೇ ಹೊರತು ಪಾಂಡಿತ್ಯವಿಲ್ಲ. ಆದರೂ ಈ ಪಾಠಕ್ಕೆ ಬೇಕಾದ ಸಲಕರಣೆ ನಮ್ಮ ಅಜ್ಜಿಯರ ಪೆಟ್ಟಿಗೆಯಲ್ಲಿಯೇ ಇತ್ತೆಂದು ಧೈರ್ಯವಾಗಿ ಹೇಳಬಲ್ಲೆವು. ಅದು ಚೌಕಾಬಾರದ ನಾಲ್ಕು ಕವಡೆ.

ಆಟ ಬಲ್ಲವರಿಗೆ ಇದರ ಕ್ರಮ ಗೊತ್ತು. ಬಾಯಿ ಮೇಲಾಗಿ ಬಿದ್ದ ಕವಡೆ ಎಷ್ಟೋ ಕಾಯಿಗೆ ಅಷ್ಟು ಮನೆ ನಡೆ. ನಾಲ್ಕೂ ಮೇಲಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲಾದರೆ ಬಾರಾ, ಅಂದರೆ ಎಂಟು. ಇವೆರಡು ಬಿದ್ದವರಿಗೆ ಮತ್ತೊಮ್ಮೆ ಹಾಕುವ ಭಾಗ್ಯ. ಇವಕ್ಕೇ ಏಕೆ ಇಷ್ಟು ಮರ್ಯಾದೆ?

ಮಕ್ಕಳೇ, ಕಾಗದ ತೆಗೆದುಕೊಳ್ಳಿ. ಒಂದು ಕವಡೆ ಬೀಳುವ ಬಗೆ ಎರಡು. ಎರಡು ಕವಡೆಗಳಿಗೆ ನಾಲ್ಕು ಬಗೆ, ಮೂರಕ್ಕೆ ಎಂಟು, ನಾಲ್ಕಕ್ಕೆ 16. ಈ 16ನ್ನೂ ಬರೆದು ಎಣಿಸಿದರೆ, ಒಂದೇ ಕವಡೆ ಮೇಲಾಗುವ ಬಗೆ 4, ಎರಡಾಗುವುದು 6, ಮೂರಾಗುವುದು 4. ಚೌಕಕ್ಕೆ ಒಂದೇ ಬಗೆ, ಬಾರಾಕ್ಕೂ ಒಂದೇ. ಎಲ್ಲ ಬಗೆಗಳೂ ಸಮಾನವಾಗಿ ಬೀಳುವುದಾದರೆ ಬಾರಾದ ಸಂಭವ 16ಕ್ಕೆ 1. ಅಪರೂಪದ ವಸ್ತುವಿಗೆ ಬೆಲೆ ಹೆಚ್ಚೆಂಬುದನ್ನು ಈ ಆಟ ಕಟ್ಟಿದವರು ಚೆನ್ನಾಗಿ ಅರಿತಿದ್ದರು.

ಆದರೆ ಆ ‘ಸಮಾನವಾಗಿ’ ಎಂಬ ಮಾತು ನಿಜವೆ? ಕವಡೆಯ ಬೆನ್ನು ಉಬ್ಬು, ಬಾಯಿ ಚಪ್ಪಟೆ. ಅದು ನಾಣ್ಯದಂತೆ ನ್ಯಾಯವಾಗಿ ಬೀಳಬೇಕೆಂದೇನೂ ಇಲ್ಲ. ತಿಳಿಯಲು ದಾರಿ ಒಂದೇ: ಹಾಕಿ ನೋಡುವುದು, ಬರೆದಿಡುವುದು. 160 ಸಲ ಹಾಕಿದರೆ ಲೆಕ್ಕದಂತೆ ಬಾರಾ ಸುಮಾರು 10 ಸಲ ಬೀಳಬೇಕು. ಹತ್ತರ ಬದಲು ಎಂಟೋ ಹನ್ನೆರಡೋ ಬಿದ್ದರೆ ಆಶ್ಚರ್ಯವಿಲ್ಲ. ಮೂವತ್ತು ಬಿದ್ದರೆ ಕವಡೆಯ ಮೇಲೆ ಸಂಶಯಪಡಿ. ಹತ್ತೇ ಸಲ ಹಾಕಿ ಮಾತ್ರ ತೀರ್ಪು ಕೊಡಬೇಡಿ. ಕೈಯಲ್ಲಿರುವ ಅಂಕಿಗಳಿಂದ ಎಷ್ಟು ನಿಖರವಾಗಿ ಊಹಿಸಬಹುದು, ಅದಕ್ಕೆ ಮಿತಿ ಎಲ್ಲಿ ಎಂಬುದನ್ನು 1945ರ ಲೇಖನವೊಂದರಲ್ಲಿ ತೋರಿಸಿದವರು ಸಿ. ಆರ್. ರಾವ್. ಅವರ ಮನೆಮಾತು ತೆಲುಗು, ಹುಟ್ಟಿದ್ದು 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ. ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನ 2023ರಲ್ಲಿ ಅವರಿಗೆ ಸಂದಿತು. ಅದೇ ವರ್ಷ ಅವರು ತೀರಿಕೊಂಡರು.

ಇನ್ನು ಮುಖ್ಯ ಮಾತು. ಹತ್ತು ಸಲ ಬಾರಾ ಬೀಳಲಿಲ್ಲವೆಂದರೆ “ಈ ಸಲ ಬಿದ್ದೇ ಬೀಳುತ್ತದೆ” ಎನ್ನುವವರುಂಟು, “ಇವತ್ತು ಅದು ಬೀಳುವುದೇ ಇಲ್ಲ” ಎನ್ನುವವರೂ ಉಂಟು. ಇಬ್ಬರ ಮಾತೂ ಸಲ್ಲದು. ಕವಡೆಗೆ ನೆನಪಿಲ್ಲ. ಹನ್ನೊಂದನೆಯ ಸಲವೂ ಸಂಭವ 16ಕ್ಕೆ 1. ಆದರೆ ಆಟ ಶುರುವಾಗುವ ಮುಂಚೆ “ಹನ್ನೊಂದು ಸಲದಲ್ಲಿ ಒಮ್ಮೆಯಾದರೂ ಬಾರಾ ಬೀಳುವುದೆ?” ಎಂದು ಕೇಳಿದರೆ ಉತ್ತರ ಬೇರೆ. ಬೀಳದಿರುವ ಸಂಭವ 16ಕ್ಕೆ 15. ಅದನ್ನು ಹನ್ನೊಂದು ಸಲ ಗುಣಿಸಿದರೆ ಅರ್ಧಕ್ಕಿಂತ ಕೊಂಚ ಕಡಿಮೆಯಾಗುತ್ತದೆ. ಅಂದರೆ ಬೀಳುವ ಪಕ್ಷವೇ ತುಸು ತೂಕ. ಸಣ್ಣ ಸಂಭವ ಮತ್ತೆ ಮತ್ತೆ ಸೇರಿ ದೊಡ್ಡದಾಗುವ ಬಗೆ ಇದು.

ಇದನ್ನು ಆಟಕ್ಕಷ್ಟೇ ಬಿಡಲಾಗದು. 2025ರ ಜೂನ್ 9ರಂದು ಮುಂಬ್ರಾದ ಬಳಿ, ಕಿಕ್ಕಿರಿದ ಗಾಡಿಗಳ ಬಾಗಿಲಲ್ಲಿ ನಿಂತಿದ್ದವರು ಹಳಿಯ ಮೇಲೆ ಬಿದ್ದು ಪ್ರಾಣಗಳು ಹೋದವು. ತಾವಾಗಿ ಮುಚ್ಚುವ ಬಾಗಿಲಿನ ಗಾಡಿ ಮಾಡಿಸುವೆವೆಂದು ರೈಲ್ವೆಯವರು ಬಳಿಕ ಸಾರಿದರು. ಬಾಗಿಲಿಗೆ ಜೋತು ಹೋಗುವ ಹುಡುಗನನ್ನು ಗದರಿದರೆ ಅವನ ಉತ್ತರ ಸಿದ್ಧ: “ಇಷ್ಟು ದಿನ ಏನಾಯಿತು?” ಬಾಗಿಲಿನ ಅಪಾಯ 16ಕ್ಕೆ 1 ಅಲ್ಲ, ಅದಕ್ಕಿಂತ ಎಷ್ಟೋ ಸಣ್ಣದು, ಹಾಗೆಂದೇ ಅವನಿಗೆ ಧೈರ್ಯ. ಆದರೆ ದಿನಕ್ಕೆ ಎರಡು ಸಲದಂತೆ, ವರ್ಷಕ್ಕೆ 300 ದಿನ ಹಿಡಿದರೆ 600 ಸಲ. ಹತ್ತು ವರ್ಷಕ್ಕೆ 6000. ನಿನ್ನೆ ಉಳಿದದ್ದು ಇವತ್ತಿನ ಜಾಮೀನಲ್ಲ.

ಬೈದು ಫಲವಿಲ್ಲ, ಜಾಗವಿಲ್ಲದ ಗಾಡಿಯಲ್ಲಿ ಒಳಗೆ ಹೋಗೆಂದರೆ ಹೋಗುವುದೆಲ್ಲಿಗೆ? ಅಂಕಿಗಳನ್ನೇ ಕೇಳೋಣ. ಕಾಲೇಜಿಗೆ ಹೋಗುವ ಅಣ್ಣ ಅಕ್ಕಂದಿರು ತಾವು ಹತ್ತಬಹುದಾದ ಮೂರು ಗಾಡಿಗಳನ್ನು ಹತ್ತು ದಿನ ಗಮನಿಸಲಿ. ನಮ್ಮ ನಿಲ್ದಾಣದಿಂದಲೇ ಹೊರಡುವ ಗಾಡಿಯೂ ಅದರಲ್ಲಿ ಒಂದಿರಲಿ. ಒಳಗೆ ನಿಲ್ಲಲು ಜಾಗ ಸಿಕ್ಕಿತೆ, ಎಷ್ಟು ನಿಮಿಷ ತಡವಾಯಿತು? ಮನೆಯ ಚಿಕ್ಕವರು ಕೋಷ್ಟಕ ಹಾಕಲಿ. ಸರಾಸರಿಯ ಜೊತೆಗೆ ಅತಿ ಕೆಟ್ಟ ದಿನವನ್ನೂ ಬರೆಯಲಿ; ಪರೀಕ್ಷೆಯ ದಿನ ಸರಾಸರಿ ನಂಬಿ ಹೊರಡಲಾಗದು. ಹತ್ತು ನಿಮಿಷ ಮೊದಲು ಎದ್ದರೆ ಒಳಗೆ ನಿಲ್ಲಬಹುದೆಂದು ಕೋಷ್ಟಕವೇ ಹೇಳಿದರೆ, ಅಪ್ಪನ ಮಾತಿಗಿಂತ ಅದರ ಮಾತು ಹೆಚ್ಚು ನಡೆದೀತು.

ಮಕ್ಕಳೇ, ಕವಡೆಯ 160 ಸಲದ ಲೆಕ್ಕವನ್ನೂ ಗಾಡಿಯ ಹತ್ತು ದಿನದ ಲೆಕ್ಕವನ್ನೂ ನಮಗೆ ಕಳುಹಿಸಿ. ಕವಡೆ ಸಿಗದವರು ಹುಣಿಸೆಬೀಜವನ್ನು ಸೀಳಿ ಹಾಕಬಹುದು. ಬಂದ ಲೆಕ್ಕಗಳನ್ನೆಲ್ಲ ಕೂಡಿಸಿ ಮುಂದಿನ ಸಂಚಿಕೆಯಲ್ಲಿ ನೋಡೋಣ. ಒಬ್ಬೊಬ್ಬರ ಎಣಿಕೆಗಿಂತ ಎಲ್ಲರ ಎಣಿಕೆ ಸತ್ಯಕ್ಕೆ ಹತ್ತಿರವಾಗಿರುತ್ತದೆ.